ಹೈಸ್ಕೂಲ್ ಮೈದಾನದ ಲೆಕ್ಕಪತ್ರ

ಸಂತೇಬೆನ್ನೂರು ಎಂದ ಕೂಡಲೇ ಪರಊರಿನವರಿಗೆ ನೆನಪಾಗುವುದು ಪುಷ್ಕರಣಿ. ಊರಿನವರಾದ ನಾವು ಅದನ್ನು ಹೊಂಡ ಅನ್ನುತ್ತೇವೆ. 16ನೇ ಶತಮಾನದಲ್ಲಿ ಪಾಳೇಗಾರ ಕೆಂಗ ಹನುಮಪ್ಪ ನಾಯಕನ ಕಾಲದಲ್ಲಿ ಆದದ್ದು. ನಡುನೀರಿನಲ್ಲಿ ವಸಂತ ಮಂಟಪ, ದಡದಲ್ಲಿ ಮುಸಾಫಿರಖಾನೆ. ಬಂದವರು ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು, ಚನ್ನಗಿರಿಗೋ ದಾವಣಗೆರೆಗೋ ಬಸ್ಸು ಹತ್ತುತ್ತಾರೆ. ಊರಿನಲ್ಲಿ ನೋಡುವಂಥ ಇನ್ನೊಂದು ಜಾಗ ಇದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಅದು ಹೈಸ್ಕೂಲ್ ಮೈದಾನ. ಅಲ್ಲಿ ಶಿಲ್ಪ ಇಲ್ಲ, ಶಾಸನ ಇಲ್ಲ. ಮಣ್ಣು ಇದೆ, ಸುಣ್ಣದ ಗೆರೆ ಇದೆ, ಮಕ್ಕಳ ಸದ್ದು ಇದೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಈಗ ಎಪ್ಪತ್ತು ದಾಟಿದೆ. ಲೆಡ್ಜರ್ ಬರೆದ ಕೈಗೆ ಎಲ್ಲವನ್ನೂ ಜಮಾ, ಖರ್ಚು, ಬಾಕಿ ಎಂದು ನೋಡುವ ಚಾಳಿ. ಆದ್ದರಿಂದ ಇವತ್ತು ಒಂದು ಹೈಸ್ಕೂಲ್ ಮೈದಾನದ ಲೆಕ್ಕಪತ್ರ ಬಿಡಿಸಿಡುತ್ತೇನೆ. ಮಕ್ಕಳು ಪೆನ್ಸಿಲ್ ಹಿಡಿದು ಓದಲಿ. ಅಜ್ಜ ಅಜ್ಜಿಯರು ತಮ್ಮ ಕಾಲದ ಲೆಕ್ಕವನ್ನೂ ಇದಕ್ಕೆ ಕೂಡಿಸಿಕೊಳ್ಳಲಿ.

ಹೋಬಳಿಯಿಂದ ರಾಜ್ಯದವರೆಗೆ

ಮೊದಲು ಏಣಿಯ ಮೆಟ್ಟಿಲು ಎಣಿಸೋಣ. ಹೈಸ್ಕೂಲ್ ಮಕ್ಕಳ ಸರ್ಕಾರಿ ಕ್ರೀಡಾಕೂಟ ಹೋಬಳಿಯಲ್ಲಿ ಶುರುವಾಗುತ್ತದೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ. ರಾಜ್ಯದಲ್ಲಿ ಗೆದ್ದರೆ ರಾಷ್ಟ್ರಮಟ್ಟ. ಅದನ್ನು ನಡೆಸುವುದು 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ. ಸಂತೇಬೆನ್ನೂರು ಹೋಬಳಿ ಕೇಂದ್ರ. ನಮ್ಮ ಮಗುವೊಂದು ಇಲ್ಲಿ ಗೆದ್ದರೆ ಚನ್ನಗಿರಿ, ಆಮೇಲೆ ದಾವಣಗೆರೆ, ಆಮೇಲೆ ಬೆಂಗಳೂರು ವಿಭಾಗ. ಐದು ಮೆಟ್ಟಿಲು ಹತ್ತಿದರೆ ಕರ್ನಾಟಕದ ಬನಿಯನ್ ಮೈಮೇಲೆ ಬರುತ್ತದೆ.

ನಮ್ಮ ಕಾಲದಲ್ಲಿ ಜಿಲ್ಲೆ ಎಂದರೆ ಶಿವಮೊಗ್ಗ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಇವೆರಡೂ ಈ ಕಡೆ ಬಂದವು. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಕಂದಾಯ ಇಲಾಖೆ ನಕ್ಷೆಯ ಮೇಲೆ ಗೆರೆ ಎಳೆದರೆ ಓಡುವ ಮಕ್ಕಳ ಎದುರಾಳಿಗಳೇ ಬದಲಾಗಿಬಿಡುತ್ತಾರೆ ನೋಡಿ! ನಮ್ಮ ಪಾಲಿಗೆ ತೀರ್ಥಹಳ್ಳಿ, ಸಾಗರದ ಹುಡುಗರು ಎದುರಾಳಿಗಳಾಗಿದ್ದರು. ನಮ್ಮ ಮೊಮ್ಮಕ್ಕಳ ಪಾಲಿಗೆ ಹರಿಹರ, ಜಗಳೂರಿನವರು.

ಈ ಕೂಟಗಳು ಬಹುಮಟ್ಟಿಗೆ ಬರುವುದು ಮಳೆಗಾಲದಲ್ಲೇ. ಜಿಟಿಜಿಟಿ ಮಳೆ, ಜಾರುವ ನೆಲ, ಬೆಳಿಗ್ಗೆ ಹಾಕಿದ ಸುಣ್ಣ ಮಧ್ಯಾಹ್ನಕ್ಕೆ ಮಾಯ. ಆದರೂ ಶಿಳ್ಳೆ ಊದಿದರೆ ಮಕ್ಕಳು ಓಡುತ್ತಾರೆ. ಹೋಬಳಿ ಕೂಟದಲ್ಲಿ ಶೂ ಹಾಕಿದವರ ಜೊತೆಗೆ ಬರಿಗಾಲಿನವರೂ ಒಂದೇ ಗೆರೆಯ ಹಿಂದೆ ನಿಲ್ಲುತ್ತಾರೆ. ಒಬ್ಬನ ಅಪ್ಪ ಅಡಿಕೆ ತೋಟದ ಸಾಹುಕಾರ, ಇನ್ನೊಬ್ಬನ ಅಪ್ಪ ಅದೇ ತೋಟದ ಕೂಲಿ. ಗೆರೆಗೆ ಅದು ಗೊತ್ತಿಲ್ಲ.

ಗಜ ಹೋಯಿತು, ಮೀಟರ್ ಬಂತು

ನಮ್ಮ ತಲೆಮಾರಿನವರಿಗೆ ಓಟ ಎಂದರೆ ಗಜದ ಲೆಕ್ಕ. 100 ಗಜ, 220 ಗಜ, 440 ಗಜ, 880 ಗಜ, ಕೊನೆಗೆ ಒಂದು ಮೈಲಿ. ಮೈಲಿಗೆ 1760 ಗಜ. ಅಂದರೆ 440 ಗಜದ ಸುತ್ತು ನಾಲ್ಕು ಹೊಡೆದರೆ ಸರಿಯಾಗಿ ಒಂದು ಮೈಲಿ. 1957ರ ಏಪ್ರಿಲ್ 1ರಂದು ದೇಶಕ್ಕೆ ನಯಾ ಪೈಸೆ ಬಂತು. ಹಿಂದೆಯೇ ಸೇರು ಹೋಗಿ ಕಿಲೊ ಬಂತು, ಗಜ ಹೋಗಿ ಮೀಟರ್ ಬಂತು. ಸಂತೆಯಲ್ಲಿ ಅಜ್ಜಿಯರು ‘ಹಳೇ ಲೆಕ್ಕದಲ್ಲಿ ಎಷ್ಟು ಹೇಳಪ್ಪ’ ಎಂದು ಕೇಳುತ್ತಿದ್ದ ಹಾಗೆ ಮೈದಾನದಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಬಹಳ ದಿನ ಗಜದ ಬಾಯಿಪಾಠ ಬಿಡಲಿಲ್ಲ. 440 ಗಜ ಎಂದರೆ 402.336 ಮೀಟರ್. 400 ಮೀಟರಿಗೂ ಅದಕ್ಕೂ ಎರಡು ಮೀಟರಿಗಿಂತ ಚೂರು ಹೆಚ್ಚು ವ್ಯತ್ಯಾಸ, ಅಷ್ಟೆ.

ಆದರೆ ಗಜ, ಅಡಿ, ಪೌಂಡುಗಳು ಪೂರ್ತಿ ಹೋಗಿಲ್ಲ. ಮೀಟರಿನ ವೇಷ ಹಾಕಿ ಮೈದಾನದಲ್ಲೇ ಅಡಗಿ ಕೂತಿವೆ. ಹುಡುಕೋಣ ಬನ್ನಿ.

ಓಟದ ಪಥದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೇನ್ ಇರುತ್ತದಲ್ಲ, ಅದರ ಅಗಲ 1.22 ಮೀಟರ್. ಇದೇನು ವಿಚಿತ್ರ ಅಳತೆ? ನಾಲ್ಕು ಅಡಿ! ಗಂಡಸರ ಗುಂಡು ಎಸೆತದ ಗುಂಡು 7.26 ಕಿಲೊ. ಅದು 16 ಪೌಂಡು. ಗಂಡಸರ 110 ಮೀಟರ್ ಹರ್ಡಲ್ಸ್ ಓಟದಲ್ಲಿ ಒಂದು ಅಡೆಯಿಂದ ಇನ್ನೊಂದಕ್ಕೆ 9.14 ಮೀಟರ್. ಅದು ಹತ್ತು ಗಜ. ಆ ಅಡೆಯ ಎತ್ತರ 1.067 ಮೀಟರ್, ಅಂದರೆ ಮೂರೂವರೆ ಅಡಿ. ಮಕ್ಕಳೇ, ಇನ್ನು ಮೇಲೆ ಅಂಕಿ ಯಾವುದಾದರೂ ವಕ್ರವಾಗಿ ಕಂಡರೆ ಅದರ ಹಿಂದೆ ಒಬ್ಬ ಮುತ್ತಜ್ಜ ಇದ್ದಾನೆ ಎಂದು ತಿಳಿಯಿರಿ.

ಆಟದ ರೀತಿಯಲ್ಲೂ ಹೀಗೆ ಹಳತು ಹೊಸತು ಕೂಡಿವೆ. ನಾವು ಎತ್ತರ ಜಿಗಿತದಲ್ಲಿ ಕತ್ತರಿ ಕಾಲು ಹಾಕಿ ಹಾರಿ, ಮರಳಿನ ಗುಂಡಿಯಲ್ಲಿ ಕಾಲೂರಿ ನಿಲ್ಲುತ್ತಿದ್ದೆವು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ 2.24 ಮೀಟರ್ ದಾಟಿ ಚಿನ್ನ ಗೆದ್ದ. ಆಮೇಲೆ ಜಗತ್ತೆಲ್ಲ ಅವನ ಹಾಗೆಯೇ ಹಾರತೊಡಗಿತು. ಹಾಗಾದರೆ ನಮ್ಮ ಹಳ್ಳಿ ಶಾಲೆಯ ಮಕ್ಕಳು ಇನ್ನೂ ಕತ್ತರಿ ಜಿಗಿತವನ್ನೇ ಹಾರುವುದೇಕೆ? ಬುದ್ಧಿ ಇಲ್ಲದೆಯಲ್ಲ. ಬೆನ್ನ ಮೇಲೆ ಬೀಳಲು ದಪ್ಪ ಹಾಸಿಗೆ ಬೇಕು. ಮರಳಿನ ಮೇಲೆ ಹಾಗೆ ಬಿದ್ದರೆ ಕತ್ತು ಉಳುಕುತ್ತದೆ, ಮೂಳೆಯೂ ಮುರಿದೀತು. ಹಾಸಿಗೆ ಇಲ್ಲದ ಕಡೆ ಕತ್ತರಿಯೇ ಜಾಣತನ. ದೊಡ್ಡವರಿಲ್ಲದಾಗ ಫಾಸ್ಬರಿಯ ಹಾಗೆ ಹಾರಲು ಹೋಗಬೇಡಿ.

ಮೇಷ್ಟ್ರ ಹಗ್ಗ ಮತ್ತು ಹೊರಗಿನ ಲೇನಿನ ನ್ಯಾಯ

ವೃತ್ತದ ಪಾಠವನ್ನು ನಾನು ತರಗತಿಯಲ್ಲಿ ಕಲಿಯುವುದಕ್ಕೆ ಮೊದಲೇ ಮೈದಾನದಲ್ಲಿ ಕಲಿತೆ. ಕ್ರೀಡಾಕೂಟದ ಹಿಂದಿನ ಸಂಜೆ ಪಿ.ಟಿ. ಮೇಷ್ಟ್ರು ಒಂದು ಗೂಟ ಹೊಡೆದು, ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ನಮ್ಮ ಕೈಗೆ ಕೊಡುತ್ತಿದ್ದರು. ನಾವು ಹಗ್ಗ ಬಿಗಿ ಹಿಡಿದು ಅರ್ಧ ಸುತ್ತು ನಡೆಯಬೇಕು. ಹಿಂದೆ ಒಬ್ಬ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಬರಬೇಕು. ಆ ಕಡೆ ಅರ್ಧ ವೃತ್ತ, ಈ ಕಡೆ ಅರ್ಧ ವೃತ್ತ, ನಡುವೆ ಎರಡು ನೇರ ಗೆರೆ. ಅಷ್ಟಾದರೆ ಓಟದ ಪಥ.

ಈಗ ನಿಯಮದ 400 ಮೀಟರ್ ಪಥದ ಲೆಕ್ಕ ನೋಡಿ. ನೇರ ಗೆರೆ ಒಂದೊಂದೂ 84.39 ಮೀಟರ್. ತಿರುವಿನ ತ್ರಿಜ್ಯ 36.50 ಮೀಟರ್. ಓಡುವವರು ಒಳ ಅಂಚನ್ನೇ ತುಳಿದು ಓಡಲಾರರು, ಆದ್ದರಿಂದ ಅಂಚಿನಿಂದ 30 ಸೆಂಟಿಮೀಟರ್ ಆಚೆ ಅಳೆಯುತ್ತಾರೆ. ಅಂದರೆ ತ್ರಿಜ್ಯ 36.80. ಎರಡು ಅರ್ಧ ವೃತ್ತ ಕೂಡಿದರೆ ಒಂದು ಪೂರ್ಣ ವೃತ್ತ. ಅದರ ಸುತ್ತಳತೆ 231.22. ಎರಡು ನೇರ ಗೆರೆ ಸೇರಿ 168.78. ಕೂಡಿ ನೋಡಿ, ಸರಿಯಾಗಿ 400.

ಹೊರಗಿನ ಲೇನಿನಲ್ಲಿ ನಿಂತವನ ಸುತ್ತು ದೊಡ್ಡದಾಗುತ್ತದೆ. ಅವನಿಗೆ ಅನ್ಯಾಯವಾಗಬಾರದೆಂದು ಮುಂದಕ್ಕೆ ನಿಲ್ಲಿಸುತ್ತಾರೆ. 400 ಮೀಟರ್ ಓಟದಲ್ಲಿ ಎರಡನೇ ಲೇನಿನವನು 7.04 ಮೀಟರ್ ಮುಂದೆ, ಮೂರನೆಯವನು 14.70 ಮೀಟರ್ ಮುಂದೆ. ನೋಡುವವರಿಗೆ ‘ಇದೇನು, ಅವನನ್ನು ಮುಂದೆ ಬಿಟ್ಟುಬಿಟ್ಟರಲ್ಲ’ ಅನ್ನಿಸುತ್ತದೆ. ಆದರೆ ಎಲ್ಲರೂ ಓಡುವುದು ಅದೇ 400.

ಇದರಲ್ಲೊಂದು ಚಮತ್ಕಾರ ಇದೆ. ದೊಡ್ಡ 400 ಮೀಟರ್ ಪಥವಾಗಲಿ, ನಮ್ಮ ಶಾಲೆಗಳ ಚಿಕ್ಕ 200 ಮೀಟರ್ ಪಥವಾಗಲಿ, ಲೇನಿನ ಅಗಲ ಒಂದೇ ಆಗಿದ್ದರೆ ಒಂದು ಸುತ್ತಿಗೆ ಮುಂದೆ ನಿಲ್ಲಿಸುವ ದೂರವೂ ಒಂದೇ. ಮೈದಾನ ದೊಡ್ಡದೋ ಚಿಕ್ಕದೋ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಏಕೆಂದರೆ ತ್ರಿಜ್ಯ ಎಷ್ಟೇ ಇರಲಿ, ಅದನ್ನು ಒಂದು ಮೀಟರ್ ಹೆಚ್ಚಿಸಿದರೆ ಸುತ್ತಳತೆ ಯಾವಾಗಲೂ ಸುಮಾರು 6.28 ಮೀಟರ್ ಹೆಚ್ಚುತ್ತದೆ. ತಟ್ಟೆಗೂ ಅಷ್ಟೆ, ಭೂಮಿಗೂ ಅಷ್ಟೆ. ನಂಬಿಕೆ ಬರದಿದ್ದರೆ ಗಣಿತದ ಮೇಷ್ಟ್ರನ್ನು ಕೇಳಿ. ಅವರು ಬಹಳ ಸಂತೋಷಪಡುತ್ತಾರೆ.

ಲಂಗ ಎತ್ತಿ ಕಟ್ಟಿದವರು

ನಮ್ಮ ಕಾಲದ ಕೂಟದಲ್ಲಿ ಹುಡುಗಿಯರಿಗೆ ಇದ್ದದ್ದು ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಡೆಯುವುದು, ಕುರ್ಚಿ ಸುತ್ತುವುದು, ಸೂಜಿಗೆ ದಾರ ಪೋಣಿಸುವುದು. ಬಿರುಸಾಗಿ ಓಡುವ ಹುಡುಗಿಯರು ಇರಲಿಲ್ಲವೆಂದಲ್ಲ. ಹೊಲದ ಬದುವಿನ ಮೇಲೆ ನಮ್ಮನ್ನು ಹಿಂದೆ ಹಾಕಿ ಓಡುತ್ತಿದ್ದ ನನ್ನ ತಂಗಿ ಶಾಲೆಯ ಕೂಟದಲ್ಲಿ ಗೆದ್ದದ್ದು ನಿಂಬೆಹಣ್ಣಿನ ನಡಿಗೆಯಲ್ಲಿ ಒಂದು ಸೋಪಿನ ಡಬ್ಬಿ. ಈಗಲೂ ಅದನ್ನು ಇಟ್ಟುಕೊಂಡಿದ್ದಾಳೆ. ‘ಓಡಿಸಿದ್ದರೆ ಬಟ್ಟಲು ತರುತ್ತಿದ್ದೆ’ ಎಂದು ನಗುತ್ತಾಳೆ. ಆ ನಗುವಿನಲ್ಲಿ ಪೂರ್ತಿ ನಗು ಇರುವುದಿಲ್ಲ.

ಇದು ನಮ್ಮ ಹಳ್ಳಿಯ ಕಥೆ ಮಾತ್ರ ಅಲ್ಲ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇತ್ತು. ಓಡಿದವರು ದಣಿದು ಕುಸಿದರು ಎಂದು ಗುಲ್ಲೆಬ್ಬಿಸಿ ಅದನ್ನು ತೆಗೆದೇ ಹಾಕಿದರು. ಮತ್ತೆ ಬಂದದ್ದು 1960ರಲ್ಲಿ, ರೋಮ್‌ನಲ್ಲಿ. ಗಂಡಸರು ದಣಿದು ಕುಸಿದರೆ ಶೂರತನ, ಹೆಂಗಸರು ಕುಸಿದರೆ ಅಶಕ್ತತೆ! ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದಂತೂ 1984ರಲ್ಲಿ.

ಕಾಲ ತಿರುಗಿತು. ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿ ಓಡಿದಾಗ ನಾವು ಬ್ಯಾಂಕಿನ ಕೌಂಟರಿನಲ್ಲಿ ಪತ್ರಿಕೆ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಓಟ ಬಿಟ್ಟ ಮೇಲೆ ಅವರು ಗೋಣಿಕೊಪ್ಪಲಿನ ಬಳಿ ಆಟಕ್ಕೂ ಪಾಠಕ್ಕೂ ಸಮಪಾಲು ಕೊಡುವ ಶಾಲೆ ನಡೆಸುತ್ತಿದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೊ ವಿಶ್ವಕಪ್ ನಡೆಯಿತು. ಹುಡುಗರು, ಹುಡುಗಿಯರು ಇಬ್ಬರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಗೆದ್ದರು. ಗೆದ್ದ ವನಿತೆಯರ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ, ಹಳ್ಳಿಯ ಆಟ, ವಿಶ್ವಕಪ್! ಆ ಸುದ್ದಿ ಓದಿ ನನ್ನ ತಂಗಿ ಸೋಪಿನ ಡಬ್ಬಿಯನ್ನು ಮೊಮ್ಮಗಳಿಗೆ ತೋರಿಸಿ ಕಥೆ ಹೇಳಿದಳಂತೆ.

ಕನ್ನಡ ನಾಡಿನ ಓಟದ ಖಾತೆ ಬಹಳ ಹಳೆಯದು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಮ್ಯಾರಥಾನ್ ಓಡಿದರು. ಆ ವರ್ಷದ ಮ್ಯಾರಥಾನ್ 42.75 ಕಿಲೊಮೀಟರ್, ಇವತ್ತಿನದಕ್ಕಿಂತ ಅರ್ಧ ಕಿಲೊಮೀಟರ್ ಹೆಚ್ಚು. ಚೌಗುಲೆ ಎರಡು ಗಂಟೆ ಐವತ್ತು ನಿಮಿಷ ದಾಟಿ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಗೆದ್ದ ರಿಲೇ ತಂಡದಲ್ಲೂ ಅವರಿದ್ದರು.

ಬಸವನಗುಡಿಯ ಪಾಠ

ನೌಕರಿಯಲ್ಲಿ ವರ್ಗವಾಗಿ ನಾನು ಕೆಲವು ವರ್ಷ ಬೆಂಗಳೂರಿನ ಬಸವನಗುಡಿಯ ಕಡೆ ವಾಸವಿದ್ದೆ. ಹಳ್ಳಿಗೇ ಬಯಲು ಸಾಲದಿದ್ದರೆ ಪಟ್ಟಣದವರು ಏನು ಮಾಡುತ್ತಾರೆ ಎಂಬ ಕುತೂಹಲಕ್ಕೆ ಅಲ್ಲಿ ಒಂದು ಉತ್ತರ ಸಿಕ್ಕಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು. ಆಗ ಊರಾಚೆ ಗಾಳಿ ಬೆಳಕು ಬರುವ ಹಾಗೆ ಅಗಲ ಬೀದಿಗಳ ಹೊಸ ಬಡಾವಣೆಗಳು ಬೆಳೆದವು: ಒಂದು ಮಲ್ಲೇಶ್ವರ, ಇನ್ನೊಂದು ಬಸವನಗುಡಿ. ಬಸವನಗುಡಿಯಲ್ಲಿ 1917ರಲ್ಲಿ, ಆನಿ ಬೆಸೆಂಟರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲ್ ಶುರುವಾಯಿತು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ ಈ ಶಾಲೆಗೆ ಸೇರಲು ಎರಡು ದಿನ ನಡೆದೇ ಬಂದ. ಅವರೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಎಲ್ಲರ ಬಾಯಲ್ಲಿ ‘ಎಚ್ಚೆನ್’ ಆದ ಡಾ. ಎಚ್. ನರಸಿಂಹಯ್ಯ. ಎರಡು ದಿನದ ಆ ನಡಿಗೆಗೆ ಪದಕ ಕೊಡುವ ಕೂಟ ಯಾವುದೂ ಇಲ್ಲ. ಇದ್ದಿದ್ದರೆ ಚಿನ್ನ ಅವರಿಗೇ.

ಅದೇ ಹೈಸ್ಕೂಲಿನಲ್ಲಿ ಓದಿದ ಮತ್ತೊಬ್ಬ ಹುಡುಗ ಅನಿಲ್ ಕುಂಬ್ಳೆ. 1999ರ ಫೆಬ್ರುವರಿಯಲ್ಲಿ ದೆಹಲಿಯ ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಒಬ್ಬರೇ ಕಿತ್ತವರು. ಅವರು ಎಂಜಿನಿಯರಿಂಗನ್ನೂ ಮುಗಿಸಿದರು. ಆಟ ಆಡಿದರೆ ಓದು ಹಾಳು ಎನ್ನುವವರಿಗೆ ತೋರಿಸಲು ಒಳ್ಳೆಯ ಉದಾಹರಣೆ.

ಬಸವನಗುಡಿ ಕಲಿಸಿದ್ದು ಇಷ್ಟು. ಬಡಾವಣೆ ಮಾಡುವಾಗಲೇ ಬಯಲು ಉಳಿಸಿಕೊಂಡರೆ ನೂರು ವರ್ಷ ಅದರ ಬಡ್ಡಿ ಉಣ್ಣಬಹುದು. ಮನೆ, ಅಂಗಡಿ ಎಲ್ಲ ತುಂಬಿದ ಮೇಲೆ ಬಯಲನ್ನು ಕೊಂಡು ತರಲು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಗುಂಟೆ ಲೆಕ್ಕ

ಈಗ ಪೆನ್ಸಿಲ್ ಹಿಡಿಯಿರಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. 40 ಗುಂಟೆಗೆ ಒಂದು ಎಕರೆ. ಗೆರೆಯೊಳಗಿನ ಜಾಗ ಮಾತ್ರ ಎಣಿಸಿದರೆ ಕಬಡ್ಡಿ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ವಾಲಿಬಾಲ್‌ಗೆ 18 ಮತ್ತು 9 ಮೀಟರ್. ಒಂದೂವರೆ ಗುಂಟೆ ದಾಟುತ್ತದೆ. ಖೋಖೊಗೆ 27 ಮತ್ತು 16 ಮೀಟರ್; ನಾಲ್ಕು ಗುಂಟೆ ಚಿಲ್ಲರೆ. ಎಂಟು ಲೇನಿನ 400 ಮೀಟರ್ ಪಥಕ್ಕೆ ಮಾತ್ರ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ನಾಲ್ಕು ಎಕರೆ! ಅಷ್ಟು ಜಾಗ ಎಲ್ಲ ಶಾಲೆಗೂ ಇರುವುದಿಲ್ಲ. ಆದರೆ ನಾಲ್ಕು ಲೇನಿನ 200 ಮೀಟರ್ ಪಥವಾದರೆ 88 ಮೀಟರ್ ಉದ್ದ, 46 ಮೀಟರ್ ಅಗಲದಲ್ಲಿ ಆಗುತ್ತದೆ. ಸರಿಯಾಗಿ ಒಂದು ಎಕರೆ.

ಈ ಒಂದು ಎಕರೆ ಹೇಗೆ ಕರಗುತ್ತದೆ ಗೊತ್ತೆ? ಯಾರೂ ಒಂದೇ ದಿನ ನುಂಗುವುದಿಲ್ಲ. ಮೊದಲು ಒಂದು ನೀರಿನ ಟ್ಯಾಂಕ್ ಬರುತ್ತದೆ. ನೀರು ಬೇಡವೆನ್ನಲು ಆಗುತ್ತದೆಯೆ? ಆಮೇಲೆ ಒಂದು ಕೊಠಡಿ. ಆಮೇಲೆ ಅಡುಗೆ ಮನೆ. ಆಮೇಲೆ ‘ಶಾಲೆಯ ಬದಿಯಲ್ಲೇ ಹತ್ತಿರವಾಗುತ್ತದೆ’ ಎಂದು ಒಂದು ಕಾಲುದಾರಿ. ಕಾಲುದಾರಿಯಲ್ಲಿ ಬೈಕು, ಬೈಕಿನ ಹಿಂದೆ ಟ್ರ್ಯಾಕ್ಟರ್. ಎಲ್ಲವೂ ಒಳ್ಳೆಯ ಕಾರಣಕ್ಕೇ. ಬ್ಯಾಂಕಿನಲ್ಲೂ ಹೀಗೆಯೇ. ಠೇವಣಿಯ ಅಸಲನ್ನು ಯಾರೂ ಜೂಜಿಗೆಂದು ತೆಗೆಯುವುದಿಲ್ಲ. ಮದುವೆಗೆ, ಆಸ್ಪತ್ರೆಗೆ, ಬಿತ್ತನೆ ಬೀಜಕ್ಕೆ ಎಂದು ಸ್ವಲ್ಪ ಸ್ವಲ್ಪ ತೆಗೆಯುತ್ತಾರೆ. ಒಂದು ದಿನ ಪಾಸ್‌ಪುಸ್ತಕ ತೆಗೆದು ನೋಡಿದರೆ ಬಡ್ಡಿಯ ಕಲಂ ಖಾಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಸುತ್ತಲಿನ ಒಂದು ಹಳ್ಳಿಯ ಶಾಲೆಯಲ್ಲಿ (ಹೆಸರು ಬೇಡ) ಎರಡು ಕೊಠಡಿ ಮಂಜೂರಾದವು. ಮೈದಾನ 110 ಮೀಟರ್ ಉದ್ದ, 60 ಮೀಟರ್ ಅಗಲ. ಕೊಠಡಿಗೆ ಗುರುತು ಹಾಕಿದ್ದು ಉದ್ದದ ಬದಿಯ ನಟ್ಟನಡುವೆ. ಅಲ್ಲಿ ನೆಲ ಸಮ, ವಿದ್ಯುತ್ ಕಂಬ ಹತ್ತಿರ, ಖರ್ಚು ಕಡಿಮೆ. ಕೊಠಡಿ ಬೇಕೇ ಬೇಕಿತ್ತು. ಮಳೆ ಬಂದರೆ ಒಂದು ತರಗತಿ ಜಗುಲಿಯಲ್ಲಿ ಕೂರುತ್ತಿತ್ತು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದ ನನ್ನ ಅಣ್ಣನ ಮೊಮ್ಮಗಳು 800 ಮೀಟರ್ ಓಡುವವಳು. ‘ಅಜ್ಜ, ಅಲ್ಲಿ ಮನೆ ಕಟ್ಟಿದ್ರೆ ನಾನು ಎಲ್ಲಿ ತಿರುಗ್ಲಿ?’ ಅಂದಳು. ಪ್ರಶ್ನೆ ಸರಳ. ಉತ್ತರಕ್ಕೆ ನೂರು ಅಡಿಯ ಟೇಪು ಬೇಕಾಯಿತು. ಒಂದು ಭಾನುವಾರ ಅವಳೂ ಅವಳ ಗೆಳತಿಯರೂ ಟೇಪು ಹಿಡಿದರು, ನಾನು ಪುಸ್ತಕದಲ್ಲಿ ಬರೆದೆ. ಕೊಠಡಿಗಳನ್ನು ನಡುವೆ ಕಟ್ಟಿದರೆ 200 ಮೀಟರ್ ಪಥ ಸಾಧ್ಯವೇ ಇಲ್ಲ. ಅದೇ ಕೊಠಡಿಗಳನ್ನು ಪೂರ್ವದ ಗೋಡೆಗೆ ಒರಗಿಸಿ ಉದ್ದಕ್ಕೆ ಕಟ್ಟಿದರೆ, ಜಗುಲಿ ಸೇರಿ ಹೋಗುವುದು ಎಂಟು ಮೀಟರ್. ಉಳಿಯುವುದು 102 ಮೀಟರ್ ಉದ್ದ, 60 ಮೀಟರ್ ಅಗಲ. ಪಥ ಕೂರುತ್ತದೆ.

‘ನೂರು ಮೀಟರ್ ಓಟ ಎಲ್ಲಿ ಓಡ್ತೀರಿ? ಗುರಿ ದಾಟಿ ನಿಲ್ಲೋಕೆ ಜಾಗ ಎಲ್ಲಿದೆ?’ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಪೈಥಾಗೊರಸ್ ಪ್ರಮೇಯ ಹೇಳಿದ. ಮೂಲೆಯಿಂದ ಮೂಲೆಗೆ ಅಳೆದರೆ 118 ಮೀಟರ್ ಸಿಗುತ್ತದೆ. ನೂರು ಓಡಿ, ಹದಿನೆಂಟರಲ್ಲಿ ನಿಲ್ಲಬಹುದು! ಸಭೆಯಲ್ಲಿ ಚಪ್ಪಾಳೆ. ಕಂಬದಿಂದ ತಂತಿ ಎಳೆಯುವ, ನೆಲ ಸಮ ಮಾಡುವ ಹೆಚ್ಚಿನ ಖರ್ಚಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಹಣ ಕೂಡಿಸಿದರು. ಒಬ್ಬರು ಎರಡು ದಿನ ಟ್ರ್ಯಾಕ್ಟರ್ ಕೊಟ್ಟರು, ಇನ್ನೊಬ್ಬರು ಡೀಸೆಲ್ ಹಾಕಿಸಿದರು. ಕೊಠಡಿಗಳೂ ಎದ್ದವು, ಮೈದಾನವೂ ಉಳಿಯಿತು. ಈಗ ಆ ಜಗುಲಿಯೇ ಕ್ರೀಡಾಕೂಟದ ದಿನ ಅಜ್ಜ ಅಜ್ಜಿಯರು ಕೂರುವ ಗ್ಯಾಲರಿ.

ಆ ಹುಡುಗಿ ರಾಜ್ಯಮಟ್ಟಕ್ಕೆ ಹೋದಳೇ ಎಂದು ನೀವು ಕೇಳಬಹುದು. ಇಲ್ಲ, ತಾಲ್ಲೂಕಿನಲ್ಲಿ ನಾಲ್ಕನೆಯವಳಾದಳು. ನಾಲ್ಕನೆಯವರಿಗೆ ಪದಕ ಇಲ್ಲ, ಪ್ರಮಾಣಪತ್ರವೂ ಸಿಗಲಿಲ್ಲ. ಈಗ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ‘ರಾತ್ರಿ ಪಾಳಿಯಲ್ಲಿ ಎಲ್ಲರೂ ಸುಸ್ತಾದಾಗ ನನಗೆ ಇನ್ನೂ ಒಂದು ಸುತ್ತು ಬಾಕಿ ಇರುತ್ತೆ ಅಜ್ಜ’ ಅನ್ನುತ್ತಾಳೆ. ಬಡ್ಡಿ ಎಂದು ನಾನು ಹೇಳುತ್ತಿರುವುದು ಇದನ್ನೇ. ಪದಕ ಗೆಲ್ಲುವವರು ಸಾವಿರಕ್ಕೆ ಒಬ್ಬರು. ಮೈದಾನ ಇರುವುದು ಉಳಿದ 999 ಜನರಿಗೂ.

ಈಗ ಏನು ಮಾಡೋಣ?

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗಿನ ಶಾಲೆಗೆ ಏನೇನು ಇರಬೇಕೆಂದು ಪಟ್ಟಿ ಕೊಟ್ಟಿದೆ. ಕೊಠಡಿ, ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯ ಇವುಗಳ ಜೊತೆಗೆ ಆಟದ ಮೈದಾನವೂ ಆ ಪಟ್ಟಿಯಲ್ಲಿದೆ. ಅಂದರೆ ಮೈದಾನ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಡುಗೊರೆ ಅಲ್ಲ.

ಮಕ್ಕಳೇ, ಈ ವಾರ ಒಂದು ಕೆಲಸ ಮಾಡಿ. ಮೇಷ್ಟ್ರ ಅನುಮತಿ ಪಡೆದು ಟೇಪು ಹಿಡಿದು ನಿಮ್ಮ ಶಾಲೆಯ ಮೈದಾನ ಅಳೆಯಿರಿ. ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಎಷ್ಟು ಎಂದು ಬರೆಯಿರಿ. ಗುಂಟೆಗೆ ಲೆಕ್ಕ ಹಾಕಿ. ತಾರೀಖು ನಮೂದಿಸಿ ಶಾಲೆಯ ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿ. ಮುಂದಿನ ವರ್ಷದ ಮಕ್ಕಳು ಮತ್ತೆ ಅಳೆಯಲಿ. ಅಂಕಿ ಕಡಿಮೆಯಾಗಿದ್ದರೆ ಏಕೆ ಎಂದು ಕೇಳಲಿ. ಬ್ಯಾಂಕಿನಲ್ಲಿ ಪ್ರತಿ ವರ್ಷ ಆಡಿಟ್ ಮಾಡುವುದು ಕಳ್ಳರಿದ್ದಾರೆ ಎಂದಲ್ಲ, ಲೆಕ್ಕ ಎಲ್ಲರಿಗೂ ಗೊತ್ತಿರಲಿ ಎಂದು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ನಿಮ್ಮ ಹೋಬಳಿಯ ಕ್ರೀಡಾಕೂಟ ಯಾವತ್ತು ಎಂದು ಶಾಲೆಯಲ್ಲಿ ವಿಚಾರಿಸಿ. ಕೊಡೆ ಹಿಡಿದು ಹೋಗಿ. ನಿಮ್ಮ ಮೊಮ್ಮಕ್ಕಳು ಓಡುತ್ತಿರಲೇಬೇಕೆಂದಿಲ್ಲ; ಓಡುವವರೆಲ್ಲ ಯಾರದೋ ಮೊಮ್ಮಕ್ಕಳೇ. ಮೊದಲು ಬಂದವರಿಗೆ ಚಪ್ಪಾಳೆ ತಟ್ಟಲು ಊರೇ ಇರುತ್ತದೆ. ನೀವು ಸ್ವಲ್ಪ ಕಾದು ಕೊನೆಯ ಮಗು ಗೆರೆ ದಾಟುವವರೆಗೂ ನಿಂತು ಚಪ್ಪಾಳೆ ತಟ್ಟಿ. ಒಂದು ಬುಟ್ಟಿ ಬಾಳೆಹಣ್ಣೋ, ಒಂದು ಕೊಡ ಮಜ್ಜಿಗೆಯೋ ಒಯ್ದರೆ ಇನ್ನೂ ಒಳ್ಳೆಯದು. ಮಜ್ಜಿಗೆಗೆ ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ, ಓಡಿದ ಮಕ್ಕಳು ಬಹಳ ಬೆವರಿರುತ್ತಾರೆ.